ಕಲ್ಲಹಳ್ಳಿಯ ಇನ್ನೊಬ್ಬ ಅರಸು: ಚದುರಂಗರನ್ನು ಯಾಕೆ ಓದಬೇಕು?

ಬಿಳಿಕೆರೆ ಬಸ್ ಸ್ಟಾಂಡಿನಲ್ಲಿ ಕಲ್ಲಹಳ್ಳಿ ಅಂದರೆ ಸಾಕು, ‘ದೇವರಾಜ ಅರಸರ ಊರಲ್ವಾ?’ ಅಂತಾರೆ. ಹೌದು. ಆದರೆ ಹುಣಸೂರು ತಾಲ್ಲೂಕಿನ ಆ ಊರಿಗೆ ಇನ್ನೊಬ್ಬ ಅರಸು ಇದ್ದರು: ಎಂ. ಸುಬ್ರಹ್ಮಣ್ಯರಾಜೇ ಅರಸು. ಕನ್ನಡದ ಓದುಗರಿಗೆ ಅವರು ‘ಚದುರಂಗ’.

ಹುಟ್ಟಿದ್ದು 1916ರಲ್ಲಿ. ಮೈಸೂರು ಅರಮನೆಯ ನಂಟಿದ್ದ ಅರಸು ಸಮುದಾಯದವರು. ಸುಖವಾಗಿ ಇದ್ದುಬಿಡಬಹುದಿತ್ತು. ಆದರೆ ಅ.ನ.ಕೃ. ಮುಂದಾಳತ್ವದ ಪ್ರಗತಿಶೀಲ ಚಳವಳಿಯ ಜೊತೆ ನಿಂತರು. ‘ನಾಲ್ಕು ಮೊಳ ಭೂಮಿ’ ಎಂಬ ಕಥೆ ಬರೆದರು. ಭೂಮಿ ಇದ್ದವರ ಮನೆಯಿಂದ ಇಂಥ ಹೆಸರಿನ ಕಥೆ ಬಂದದ್ದು ಸಣ್ಣ ಮಾತಲ್ಲ. ‘ಕುಮಾರರಾಮ’, ‘ಇಲಿಬೋನು’ ಅವರ ನಾಟಕಗಳು.

ಅವರು ಬರೆದ ಕಾದಂಬರಿಗಳು ಕೆಲವೇ. ‘ಸರ್ವಮಂಗಳಾ’ 1950ರಲ್ಲಿ, ‘ಉಯ್ಯಾಲೆ’ 1960ರಲ್ಲಿ, ‘ವೈಶಾಖ’ 1981ರಲ್ಲಿ. ‘ಸರ್ವಮಂಗಳಾ’ವನ್ನು 1968ರಲ್ಲಿ ಅವರೇ ಸಿನಿಮಾ ಮಾಡಿದರು, ರಾಜಕುಮಾರ್, ಕಲ್ಪನಾ ಜೋಡಿ. ಮರುವರ್ಷ ಎನ್. ಲಕ್ಷ್ಮೀನಾರಾಯಣ್ ‘ಉಯ್ಯಾಲೆ’ಯನ್ನು ತೆರೆಗೆ ತಂದರು. ಪುಸ್ತಕದಲ್ಲೇ ಮುಳುಗಿರುವ ಪ್ರೊಫೆಸರ್ ಗಂಡ, ಒಂಟಿತನದಲ್ಲಿ ಬೇಯುವ ಹೆಂಡತಿ, ಮನೆಗೆ ಬರುವ ಸ್ನೇಹಿತ. ಹೆಂಡತಿಯ ಆಸೆಯನ್ನು ತಪ್ಪು ಅಂತ ತಳ್ಳದೆ ನೋಡಿದ ಕಥೆ ಅದು.

ನನ್ನ ಪಾಲಿಗೆ ದೊಡ್ಡ ಪುಸ್ತಕ ‘ವೈಶಾಖ’. ದಲಿತ ಯುವಕ, ಬ್ರಾಹ್ಮಣ ವಿಧವೆ, ಇಬ್ಬರನ್ನೂ ಸುಡುವ ಊರ ಕಟ್ಟುಪಾಡು. ಮೊದಲ ಸಲ ಓದಿದಾಗ ನನ್ನನ್ನು ಹಿಡಿದದ್ದು ಭಾಷೆ. ನಮ್ಮ ಕಡೆ ಜಗುಲಿ ಮೇಲೆ ಆಡುವ ಮಾತು ಪುಸ್ತಕದಲ್ಲಿ ಹೀಗೂ ಬರಬಹುದಾ ಅನ್ನಿಸಿತು. 1982ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಒಂದು ಪ್ರಶ್ನೆ ಉಳಿಯುತ್ತದೆ: ಅರಸು ಮನೆತನದವರು ದಲಿತನ ಒಳಗನ್ನು ಎಷ್ಟು ಬಲ್ಲರು? ಪ್ರಶ್ನೆ ನ್ಯಾಯವಾದದ್ದೇ. ಇದೇ ಮೈಸೂರು ಸೀಮೆಯಿಂದ ದೇವನೂರ ಮಹಾದೇವ ‘ಕುಸುಮಬಾಲೆ’ ಕೊಟ್ಟಮೇಲೆ, ಒಳಗಿನಿಂದ ಬಂದ ದನಿ ಬೇರೆಯೇ ಅಂತ ಗೊತ್ತಾಯಿತು. ಹಾಗಂತ ‘ವೈಶಾಖ’ ಸುಳ್ಳಾಗುವುದಿಲ್ಲ. ತಾನು ಹುಟ್ಟಿದ ಮೇಲಂತಸ್ತಿನಿಂದ ಇಳಿದು ಬಂದು ಕಿವಿಗೊಟ್ಟವನೊಬ್ಬ ಎಷ್ಟು ದೂರ ಹೋಗಬಲ್ಲ ಅನ್ನುವುದಕ್ಕೆ ಅದು ಸಾಕ್ಷಿ. ಎರಡನ್ನೂ ಜೊತೆಗಿಟ್ಟು ಓದಬೇಕು.

1994ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಚದುರಂಗರೇ ಅಧ್ಯಕ್ಷರು. ತೀರಿಕೊಂಡದ್ದು 1998ರಲ್ಲಿ. ದೇವರಾಜ ಅರಸರು ಉಳುವವನಿಗೆ ಭೂಮಿ ಅಂದದ್ದನ್ನು ನಮ್ಮೂರ ಕಡೆ ಇನ್ನೂ ನೆನೆಯುತ್ತಾರೆ. ಅದೇ ಊರಿನ ಇನ್ನೊಬ್ಬರು ಉಳುವವನ ಮಾತಿಗೆ ಪುಸ್ತಕದಲ್ಲಿ ಜಾಗ ಕೊಟ್ಟರು. ಅದನ್ನೂ ನೆನೆಯೋಣ.