‘ಹಾರ್ಡ್’ ಎಂಬ ಇಂಗ್ಲಿಷು ಗುಣವಾಚಕವೂ ಪೋರ್ತುಗೀಜ ಭಾಷೆಯೂ

ಆಂಗ್ಲೇಯರಿಗೂ ಪೋರ್ತುಗೀಜರಿಗೂ ಇರುವ ಸ್ನೇಹವು ಯೂರೋಪಿನಲ್ಲಿ ಬಹು ಪುರಾತನವಾದುದು. 1386ರಲ್ಲಿ ವಿಂಡ್ಸರಿನಲ್ಲಿ ಆದ ಒಡಂಬಡಿಕೆಯಿಂದ ಅದು ದೃಢವಾಯಿತು. ಮರುವರ್ಷವೇ ಲ್ಯಾಂಕಾಸ್ಟರಿನ ಫಿಲಿಪ್ಪಾ ಎಂಬ ಆಂಗ್ಲ ರಾಜವಂಶದ ಕನ್ಯೆಯು ಪೋರ್ತುಗಲ್ಲಿನ ದೊರೆಯಾದ ಒಂದನೆಯ ಜೊವಾನನ ಕೈಹಿಡಿದಳು. ನಾವಿಕನೆಂದು ಪ್ರಖ್ಯಾತನಾದ ರಾಜಕುಮಾರ ಹೆನ್ರಿಯು ಇವರ ಮಗನೇ. ಇಷ್ಟು ನಂಟಿದ್ದರೂ ಎರಡು ಭಾಷೆಗಳನ್ನೂ ಜೋಡಿಸುವ ನಿಘಂಟೊಂದು ಲಂಡನ್ನಿನಲ್ಲಿ ಅಚ್ಚಾಗಿ ಹೊರಟುದು 1701ರಲ್ಲಿ. ಅಚ್ಚಿನ ಯಂತ್ರವೇ ಇಂಗ್ಲೆಂಡಿಗೆ ತಡವಾಗಿ ಬಂದಿತೆಂದು ಆ ಕಾಲವನ್ನು ಲೆಕ್ಕದಿಂದ ಕಳೆದರೂ ಇದು ಎರಡು ಶತಮಾನಗಳಿಗೆ ಮೀರಿದ ವಿಳಂಬವು.

ಇದರ ಕಾರಣವನ್ನು ಊಹಿಸುವುದು ಅಸಾಧ್ಯವಲ್ಲ. ವ್ಯಾಪಾರವು ನಾಮಪದಗಳಿಂದಲೂ ಅಂಕಿಗಳಿಂದಲೂ ನಡೆಯುವುದು. ಇಂಗ್ಲೆಂಡಿನ ಉಣ್ಣೆಯ ಬಟ್ಟೆ ಪೋರ್ತುಗಲ್ಲಿಗೆ ಹೋಗಬೇಕು, ಪೋರ್ತುಗಲ್ಲಿನ ದ್ರಾಕ್ಷಾರಸವು ಕಡಿಮೆ ಸುಂಕಕ್ಕೆ ಇಂಗ್ಲೆಂಡಿಗೆ ಬರಬೇಕು ಎಂದು 1703ರ ಮೆಥುವೆನ್ ಒಡಂಬಡಿಕೆಯು ವಿಧಿಸಿದಾಗಲೂ, ಹಡಗಿನ ಕಟ್ಟೆಯಲ್ಲಿ ಬಟ್ಟೆ, ಪೀಪಾಯಿ, ಬೆಲೆ ಇವುಗಳ ಹೆಸರು ತಿಳಿದಿದ್ದರೆ ಸಾಕಾಗುತ್ತಿದ್ದಿತು. ಕನ್ನಡಕ್ಕೆ ಪೋರ್ತುಗೀಜರಿಂದ ಬಂದ ಚಾವಿ, ಬಾಲ್ದಿ, ಪಗಾರ, ಬಟಾಟೆ, ಪಾದ್ರಿ ಮೊದಲಾದ ಮಾತುಗಳನ್ನೇ ನೋಡಿದರೆ ಇದು ಮನದಟ್ಟಾಗುವುದು. ಇವೆಲ್ಲವೂ ವಸ್ತುಗಳ, ವ್ಯಕ್ತಿಗಳ ಹೆಸರುಗಳು. ಇವುಗಳ ನಡುವೆ ಗುಣವಾಚಕವೊಂದನ್ನು ಹುಡುಕಿ ತೆಗೆಯುವುದು ಸುಲಭವಲ್ಲ. ವಸ್ತುವು ಕಡಲು ದಾಟಿದರೆ ಹೆಸರೂ ಅದರೊಡನೆ ದಾಟುವುದು. ಗುಣವನ್ನು ಮಾತ್ರ ಪ್ರತಿಯೊಂದು ಜನವೂ ತನ್ನ ಮನೆಯ ಮಾತಿನಲ್ಲಿಯೇ ಹೇಳಿಕೊಳ್ಳುವುದು.

‘ಹಾರ್ಡ್’ ಎಂಬುದು ಇಂಗ್ಲಿಷಿನಲ್ಲಿ ಮಕ್ಕಳೂ ಆಡುವ ಮಾತು. ಅದು ಜರ್ಮಾನಿಕ್ ಮೂಲದ ಹಳೆಯ ಶಬ್ದ. ಬಲವೆಂಬ ಅರ್ಥದ ಗ್ರೀಕ್ ಶಬ್ದವೊಂದು ಅದರ ದೂರದ ದಾಯಾದಿ. ಕಲ್ಲೂ ಹಾರ್ಡ್, ಪ್ರಶ್ನೆಯೂ ಹಾರ್ಡ್, ಚಳಿಗಾಲವೂ ಹಾರ್ಡ್, ಮದ್ಯವೂ ಹಾರ್ಡ್. ಲ್ಯಾಟಿನ್ನಿನ ಮಗಳಾದ ಪೋರ್ತುಗೀಜ ಭಾಷೆಯಾದರೋ ಈ ಆಸ್ತಿಯನ್ನು ಹಲವರಿಗೆ ಹಂಚಿಕೊಟ್ಟಿದೆ. ಕಲ್ಲು ‘ದುರೊ’, ಪ್ರಶ್ನೆ ‘ದಿಫಿಸಿಲ್’, ಚಳಿಗಾಲ ‘ರಿಗೊರೋಜೊ’, ಮದ್ಯ ‘ಫೋರ್ತೆ’. ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಗಟ್ಟಿ ಕಲ್ಲು, ಕಷ್ಟದ ಪ್ರಶ್ನೆ, ಕಡುಚಳಿ, ಜಡಿಮಳೆ ಎಂದು ಕನ್ನಡವೂ ಹಾಗೆಯೇ ಹಂಚಿಕೊಂಡಿದೆ. ಹೀಗಿರಲು ನಿಘಂಟಿನಲ್ಲಿ ‘ಹಾರ್ಡ್’ಗೆ ಎದುರಾಗಿ ಮೊದಲು ಕಂಡ ಶಬ್ದವನ್ನು ಎತ್ತಿಕೊಂಡವನು ನಾಲ್ಕರಲ್ಲಿ ಮೂರು ಸಲ ಎಡವುವನು.

ಪೋರ್ತುಗಲ್ಲಿನ ಆಂಟೋನಿಯೊ ವಿಯೆಯ್ರನು 1773ರಲ್ಲಿ ಲಂಡನ್ನಿನಲ್ಲಿ ಎರಡು ಭಾಗಗಳ ದೊಡ್ಡ ನಿಘಂಟನ್ನು ಪ್ರಕಟಿಸಿದನು. ತಾನು ತಾಗಸ್ ನದಿಯ ಆಚೆಯವನೆಂಬುದನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದ್ದ ಪಂಡಿತನಿವನು. ಅದಕ್ಕೆ ಹದಿನೆಂಟು ವರ್ಷ ಮೊದಲು, 1755ರಲ್ಲಿ, ಡಾಕ್ಟರ್ ಜಾನ್ಸನ್ನನು ಇಂಗ್ಲಿಷು ಶಬ್ದಗಳ ಅರ್ಥಗಳನ್ನು ಬಿಡಿಬಿಡಿಯಾಗಿ ಎಣಿಸಿ, ಗ್ರಂಥಗಳ ಪ್ರಯೋಗಗಳೊಡನೆ ತೋರಿಸಿದ್ದನು. ಇಂಥ ಗ್ರಂಥಗಳು ಬಂದ ಮೇಲೆ ಅರ್ಥದ ತೊಡಕು ಬಹುಮಟ್ಟಿಗೆ ಬಿಡಿಸಿತು. ನುಡಿಗಟ್ಟಿನ ತೊಡಕು ಮಾತ್ರ ಉಳಿಯಿತು.

ಕೈಯಲ್ಲಿರುವ ರೊಕ್ಕವನ್ನು ಇಂಗ್ಲಿಷರು ಗಟ್ಟಿ ಹಣವೆನ್ನುವರು. ಪೋರ್ತುಗೀಜರು ಅದನ್ನು ‘ಜೀವಂತ ಹಣ’ವೆನ್ನುವರು. ಬಿಡಿಸಲಾಗದ ಸಮಸ್ಯೆಯು ಇಂಗ್ಲಿಷಿನಲ್ಲಿ ಒಡೆಯಲಾಗದ ಕಾಯಿ, ಪೋರ್ತುಗೀಜದಲ್ಲಿ ಕಡಿಯಲಾಗದ ಗಟ್ಟಿ ಎಲುಬು, ಕನ್ನಡದಲ್ಲಿ ಕಬ್ಬಿಣದ ಕಡಲೆ. ಹಲ್ಲಿನ ಸಂಕಟ ಮೂವರಿಗೂ ಒಂದೇ, ತಿನ್ನುವ ಪದಾರ್ಥ ಮಾತ್ರ ಬೇರೆ! ಮಂದಕಿವಿಯವನ ವಿಷಯದಲ್ಲಿಯಾದರೋ ಎರಡು ಭಾಷೆಗಳೂ ಆಶ್ಚರ್ಯವಾಗುವಂತೆ ಸರಿಹೊಂದುವುವು. ಎರಡರಲ್ಲಿಯೂ ಅವನ ಕಿವಿ ಗಟ್ಟಿಯೇ. ಕಾಸಿಲ್ಲದವನನ್ನು ಇಂಗ್ಲಿಷಿನಲ್ಲಿ ‘ಹಾರ್ಡ್ ಅಪ್’ ಎಂದರೆ ಬ್ರೆಜಿಲ್ಲಿನ ಪೋರ್ತುಗೀಜದಲ್ಲಿ ಬರಿದೆ ‘ದುರೊ’ ಎನ್ನುವರು. ಮೊದಲನೆಯದು ಹಡಗಿನ ಚುಕ್ಕಾಣಿಯನ್ನು ಕೊನೆಯವರೆಗೆ ತಿರುಗಿಸುವ ನಾವಿಕರ ಕೂಗಿನಿಂದ ಬಂದಿತೆಂದು ಹೇಳುವರು. ಅದು ನಿಜವಾದಲ್ಲಿ ಎರಡರ ಹೋಲಿಕೆಯು ಕೇವಲ ಕಾಕತಾಳೀಯ. ಹೀಗೆ ಒಮ್ಮೊಮ್ಮೆ ನೆಟ್ಟಗೆ ಬೀಳುವುದೇ ಭಾಷಾಂತರಕಾರನಿಗೆ ದೊಡ್ಡ ಅಪಾಯ. ಎರಡು ಸಲ ಫಲಿಸಿದ ಉಪಾಯವನ್ನು ಅವನು ಮೂರನೆಯ ಸಲವೂ ನಂಬುವನು.

ಇದೇ ಶಬ್ದದಿಂದ ಹುಟ್ಟಿದ ‘ಹಾರ್ಡ್ಲಿ’ ಎಂಬ ಅವ್ಯಯದ ಚರಿತ್ರೆಯು ಇನ್ನೂ ಗಂಭೀರವಾದುದು. ಧನಿಕನು ಸ್ವರ್ಗರಾಜ್ಯವನ್ನು ಸೇರುವ ವಿಷಯದಲ್ಲಿ 1611ರ ಇಂಗ್ಲಿಷು ಬೈಬಲ್ಲು ಈ ಅವ್ಯಯವನ್ನು ಪ್ರಯೋಗಿಸಿದೆ. ಅಲ್ಲಿ ಅದರ ಅರ್ಥ ‘ಕಷ್ಟದಿಂದ’ ಎಂದು. ತರುವಾಯ ಇಂಗ್ಲಿಷಿನಲ್ಲಿ ಅದಕ್ಕೆ ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬ ಅರ್ಥವು ನೆಲೆಗೊಂಡಿತು. ಬಾಗಿಲು ಇಕ್ಕಟ್ಟೆಂದು ಹೇಳಿದ ಮಾತು ಬಾಗಿಲು ಮುಚ್ಚಿದೆಯೆಂಬಂತೆ ಕೇಳತೊಡಗಿತು. ಹೊಸ ಅರ್ಥವನ್ನು ನಂಬಿ ಪೋರ್ತುಗೀಜಕ್ಕೆ ತಿರುಗಿಸುವವನು ‘ಮಾಲ್’ ಎಂಬ ಅವ್ಯಯವನ್ನು ಬಳಸಿ ಧನಿಕನನ್ನು ಹೊರಗೇ ನಿಲ್ಲಿಸಿಬಿಡುವನು. ಸಿಂಹಳದಲ್ಲಿಯೂ ದಕ್ಷಿಣ ಭಾರತದ ಕರಾವಳಿಯಲ್ಲಿಯೂ ಕೆಲಕಾಲ ಸೇವೆ ಮಾಡಿದ ಜೊವಾನ್ ಫೆರೇರ ದ ಅಲ್ಮೇಡನ ಪೋರ್ತುಗೀಜ ಹೊಸ ಒಡಂಬಡಿಕೆಯು 1681ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅವನು ಗ್ರೀಕ್ ಮೂಲವನ್ನು ಹಿಡಿದು ನಡೆದುದರಿಂದ ಈ ಬಲೆಗೆ ಬೀಳಲಿಲ್ಲ. ಲೌಕಿಕದಲ್ಲಿಯೂ ಹಾಗೆಯೇ, ಗುಮಾಸ್ತನೊಬ್ಬನ ಯೋಗ್ಯತಾಪತ್ರದಲ್ಲಿ ‘ಹಾರ್ಡ್’ ಇರಬೇಕಾದಲ್ಲಿ ‘ಹಾರ್ಡ್ಲಿ’ ಬಂದರೆ ಮೈಮುರಿದು ದುಡಿಯುವವನು ಕೆಲಸಗಳ್ಳನಾಗುವನು.

ಇದೇ ದಾರಿಯನ್ನು ಎದುರು ದಿಕ್ಕಿನಿಂದ, ಪೋರ್ತುಗೀಜದಿಂದ ಇಂಗ್ಲಿಷಿಗೆ, ನಡೆದವನು ಪೆದ್ರೊ ಕರೊಲೀನೊ. ಅವನ ಸಂಭಾಷಣಾ ಪುಸ್ತಕವು 1855ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಿದ್ದಿತು. ಅವನಿಗೆ ಇಂಗ್ಲಿಷೇ ಬರುತ್ತಿರಲಿಲ್ಲವೆಂದೂ, ಪೋರ್ತುಗೀಜ-ಫ್ರೆಂಚ್ ಸಂಭಾಷಣೆಗಳನ್ನು ಫ್ರೆಂಚ್-ಇಂಗ್ಲಿಷು ನಿಘಂಟಿನ ನೆರವಿನಿಂದ ಮಾತಿಗೆ ಮಾತಿಟ್ಟು ತಿರುಗಿಸಿದನೆಂದೂ ವಿದ್ವಾಂಸರು ಊಹಿಸುವರು. ಗೋಡೆಗೂ ಕಿವಿಯುಂಟೆಂಬ ಗಾದೆಯು ಅವನ ಕೈಯಲ್ಲಿ ಗೋಡೆಗೆ ಗಾಳಿಸುದ್ದಿಯುಂಟೆಂದಾಯಿತು. ಬಹಳ ಹೊತ್ತು ಕಾಯುವುದೆಂಬ ಅರ್ಥದ ಫ್ರೆಂಚ್ ನುಡಿಗಟ್ಟು ಪುಟ್ಟ ಕೋತಿಯೊಂದನ್ನು ಅಗಿಯುವುದೆಂದಾಯಿತು. 1883ರಲ್ಲಿ ಈ ಪುಸ್ತಕವು ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ವಿನೋದಗ್ರಂಥವಾಗಿ ಪುನರ್ಮುದ್ರಿತವಾಯಿತು. ಅಮೆರಿಕದ ಪ್ರತಿಗೆ ಮಾರ್ಕ್ ಟ್ವೇನನೇ ಮುನ್ನುಡಿ ಬರೆದನು. ಪೋರ್ತುಗಲ್ಲಿನ ವಿದ್ಯಾರ್ಥಿಗಳು ಇಂಗ್ಲಿಷು ಕಲಿಯಲೆಂದು ಮನಃಪೂರ್ವಕವಾಗಿ ರಚಿತವಾದ ಪುಸ್ತಕವಿದೆಂಬುದು ನಗುವವರಿಗೆ ನೆನಪಿರಲಿಲ್ಲ.

ಆ ನಗೆಯ ಪಾಲು ಸಲ್ಲಬಾರದವನೊಬ್ಬನಿಗೂ ಸಂದಿತು. ಮೊದಲ ಮುದ್ರಣದ ಮುಖಪುಟದಲ್ಲಿ ಕರೊಲೀನೊನ ಹೆಸರಿನೊಡನೆ ಜೊಜೆ ದ ಫೊನ್ಸೇಕನ ಹೆಸರೂ ಇದ್ದಿತು. ಫೊನ್ಸೇಕನು ಬಲ್ಲಿದನಾದ ನಿಘಂಟುಕಾರ. 1830ರ ದಶಕದಲ್ಲಿ ಅವನು ರಚಿಸಿದ ಪೋರ್ತುಗೀಜ-ಫ್ರೆಂಚ್ ಸಂಭಾಷಣಾ ಗ್ರಂಥವೇ ಕರೊಲೀನೊನ ಪುಸ್ತಕಕ್ಕೆ ಆಧಾರವಾದುದು. ಇಂಗ್ಲಿಷು ಭಾಗದಲ್ಲಿ ಅವನ ಕೈ ಇದ್ದಿರಲಾರದೆಂದು ಈಗ ಅಭಿಪ್ರಾಯಪಡುವರು. 1866ರಲ್ಲಿಯೇ ಅವನು ತೀರಿಕೊಂಡಿದ್ದುದರಿಂದ ಲಂಡನ್ನಿನ ನಗೆಯು ಅವನ ಕಿವಿಗೆ ಬೀಳಲಿಲ್ಲ.