ಹೌರಾ ಸೇತುವೆ (ರವೀಂದ್ರ ಸೇತು): ಕಾಲ್ನಡಿಗೆಯ ಸಂದರ್ಶಕರಿಗೆ ಮಾಹಿತಿ

ಪಶ್ಚಿಮ ಬಂಗಾಳದ ಹೌರಾ ಮತ್ತು ಕೋಲ್ಕತ್ತಾ ನಗರಗಳನ್ನು ಜೋಡಿಸುವ, ಹೂಗ್ಲಿ ನದಿಯ ಮೇಲಿನ ಈ ಸೇತುವೆಯು 1943ರ ಫೆಬ್ರವರಿ 3ರಂದು ಸಂಚಾರಕ್ಕೆ ತೆರೆಯಲ್ಪಟ್ಟಿತು. ಅದು ಯುದ್ಧಕಾಲ, ಜಪಾನೀ ವಿಮಾನ ದಾಳಿಯ ಭೀತಿಯಿದ್ದುದರಿಂದ ಉದ್ಘಾಟನಾ ಸಮಾರಂಭ ನಡೆಯಲಿಲ್ಲ. 1965ರ ಜೂನ್ 14ರಂದು ಸೇತುವೆಗೆ ಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಇಡಲಾಯಿತಾದರೂ ಜನಬಳಕೆಯಲ್ಲಿ ಹಳೆಯ ಹೆಸರೇ ಉಳಿದಿದೆ. ಬೆಂಗಳೂರಿನಿಂದ ರೈಲಿನಲ್ಲಿ ಹೌರಾ ನಿಲ್ದಾಣಕ್ಕೆ ಬಂದಿಳಿಯುವ ಕನ್ನಡ ನಾಡಿನ ಪ್ರವಾಸಿಗರಿಗೆ ಈ ಸೇತುವೆ ನಿಲ್ದಾಣದ ಸಮೀಪದಲ್ಲಿಯೇ ಇದೆ.

ರಚನೆ

ಇದೇ ಸ್ಥಳದ ಬಳಿ 1874ರಲ್ಲಿ ನಿರ್ಮಿಸಲಾಗಿದ್ದ ತೇಲುಸೇತುವೆಯನ್ನು ಹಡಗುಗಳು ಹಾದುಹೋಗಲು ಆಗಾಗ್ಗೆ ತೆರೆಯಬೇಕಾಗುತ್ತಿತ್ತು. ಅಷ್ಟು ಹೊತ್ತು ರಸ್ತೆ ಸಂಚಾರ ನಿಲ್ಲುತ್ತಿತ್ತು. ಈ ತೊಂದರೆಯನ್ನು ನಿವಾರಿಸಲು ನದಿಯ ಮಧ್ಯೆ ಒಂದೂ ಕಂಬವಿಲ್ಲದಂತೆ ಹೊಸ ಸೇತುವೆಯನ್ನು ರೂಪಿಸಲಾಯಿತು. ಒಟ್ಟು ಉದ್ದ 705 ಮೀಟರ್; ಎರಡು ಗೋಪುರಗಳ ನಡುವಣ ಅಂತರ ಸುಮಾರು 457 ಮೀಟರ್. ಬಳಸಲಾದ 26,500 ಟನ್ ಉಕ್ಕಿನ ಪೈಕಿ 23,000 ಟನ್ನನ್ನು ಟಾಟಾ ಕಾರ್ಖಾನೆ ಒದಗಿಸಿತು. ಉಕ್ಕಿನ ಭಾಗಗಳನ್ನು ನಟ್ಟು ಬೋಲ್ಟುಗಳಿಲ್ಲದೆ ರಿವೆಟ್‌ಗಳಿಂದಲೇ ಬೆಸೆಯಲಾಗಿದೆ. ರಸ್ತೆಯು ಮೇಲಿನ ಚೌಕಟ್ಟಿನಿಂದ 39 ಜೊತೆ ಉಕ್ಕಿನ ತೂಗುಗಂಬಗಳ ಮೂಲಕ ಇಳಿಬಿಟ್ಟಿದೆ. ನಡೆದು ಹೋಗುವವರು ಈ ತೂಗುಗಂಬಗಳನ್ನು ತೀರ ಹತ್ತಿರದಿಂದ ನೋಡಬಹುದು. ವಾಹನದಲ್ಲಿ ಸಾಗುವವರಿಗೆ ಈ ಅವಕಾಶ ದೊರೆಯದು.

ಸಂದರ್ಶಕರ ಗಮನಕ್ಕೆ

ಪಾದಚಾರಿಗಳಿಗೆ ಶುಲ್ಕವಿಲ್ಲ. ರಸ್ತೆಯ ಎರಡೂ ಬದಿಗಳಲ್ಲಿ ಅಗಲವಾದ ಕಾಲುದಾರಿಗಳಿದ್ದು, ಹೌರಾ ಕಡೆಯಿಂದ ಹೊರಡುವವರು ಬಲಬದಿಯ ದಾರಿಯನ್ನು ಹಿಡಿಯುವುದು ಉತ್ತಮ. ದಕ್ಷಿಣಕ್ಕೆ, ದೂರದಲ್ಲಿ, 1992ರಲ್ಲಿ ತೆರೆದ ವಿದ್ಯಾಸಾಗರ ಸೇತು ಕಾಣುತ್ತದೆ. ಕೋಲ್ಕತ್ತಾ ತುದಿಯಲ್ಲಿ ಮೆಟ್ಟಿಲಿಳಿದರೆ ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆ ಸಿಗುತ್ತದೆ. ಚೆಂಡುಹೂವಿನ ರಾಶಿಗಳನ್ನು ನೋಡಬಯಸುವವರು ಬೆಳಗಿನ ಜಾವವೇ ಹೋಗತಕ್ಕದ್ದು.

ಕಾಲುದಾರಿಯು ಮೊದಲಿಗೆ ದುಡಿಯುವವರ ದಾರಿ, ವಿಹಾರದ ಸ್ಥಳವಾಗುವುದು ಆ ನಂತರ. ತಲೆಹೊರೆ ಹೊತ್ತವರು ವೇಗವಾಗಿ ಬರುತ್ತಾರೆ. ಭಾರ ಹೊತ್ತು ಥಟ್ಟನೆ ನಿಲ್ಲುವುದು ಅವರಿಗೆ ಕಷ್ಟಸಾಧ್ಯ. ಆದ್ದರಿಂದ ನದಿಯನ್ನು ನೋಡಲು ನಿಲ್ಲುವವರು ಕಟಕಟೆಯ ಅಂಚಿಗೆ ಸರಿದು ನಿಲ್ಲಬೇಕು. ಛಾಯಾಚಿತ್ರ ತೆಗೆಯುವ ವಿಷಯದಲ್ಲಿ ಸ್ಥಳದಲ್ಲಿರುವ ಫಲಕ ಹಾಗೂ ಪೊಲೀಸರ ಸೂಚನೆಯನ್ನು ಪಾಲಿಸುವುದು.

ಸೇತುವೆಗೆ ನಡೆಯುವವರಿಂದಲೇ ಆಗಿರುವ ಹಾನಿಯನ್ನು ಇಲ್ಲಿ ವಿಶೇಷವಾಗಿ ನಮೂದಿಸಬೇಕಾಗಿದೆ. ಎಲೆ ಅಡಿಕೆ, ಗುಟ್ಕಾ ಜಗಿದು ತೂಗುಗಂಬಗಳ ಬುಡಕ್ಕೆ ಉಗುಳುವುದರಿಂದ ಉಕ್ಕು ಸವೆಯುತ್ತದೆ. ಬುಡದ ರಕ್ಷಣೆಗಿದ್ದ ಉಕ್ಕಿನ ಹೊದಿಕೆಯ ದಪ್ಪವು 2007ರ ನಂತರದ ಕೆಲವೇ ವರ್ಷಗಳಲ್ಲಿ 6 ಮಿ.ಮೀ.ನಿಂದ ಸುಮಾರು 3 ಮಿ.ಮೀ.ಗೆ ಇಳಿದುದು ಪರಿಶೀಲನೆಯಲ್ಲಿ ಕಂಡುಬಂದಿತು. ಯುದ್ಧಕಾಲದಲ್ಲಿ ಎದ್ದುನಿಂತ ಉಕ್ಕಿಗೆ ಬಾಯಿಯ ರಸವೇ ಕುತ್ತಾಯಿತೆಂಬುದು ವಿಷಾದಕರ. ತರುವಾಯ ಬುಡಗಳಿಗೆ ಫೈಬರ್ ಹೊದಿಕೆಗಳನ್ನು ಹಾಕಲಾಯಿತು. ಎಲೆ ಅಡಿಕೆಯ ಅಭ್ಯಾಸವುಳ್ಳ ಪ್ರವಾಸಿಗರು ಸೇತುವೆ ದಾಟುವವರೆಗೆ ಅದನ್ನು ಕೈಬಿಡಬೇಕಾಗಿ ಕೋರಲಾಗಿದೆ.

ಭಾರದ ಸಾಮಾನುಳ್ಳವರು ಹಾಗೂ ವಯೋವೃದ್ಧರು 2024ರ ಮಾರ್ಚ್‌ನಲ್ಲಿ ಆರಂಭವಾದ, ನದಿಯ ಅಡಿಯಲ್ಲಿ ಸಾಗುವ ಮೆಟ್ರೋ ರೈಲನ್ನು ಬಳಸಬಹುದು. ನಡೆದು ಬಂದವರು ಹಿಂದಿರುಗುವಾಗ ದೋಣಿಯಲ್ಲಿ ನದಿ ದಾಟಿದರೆ ಇಡೀ ಸೇತುವೆಯನ್ನು ಪಾರ್ಶ್ವದಿಂದ ನೋಡಬಹುದು. ಹೌರಾ ದೋಣಿಕಟ್ಟೆಯು ರೈಲು ನಿಲ್ದಾಣದ ಎದುರಿಗೇ ಇದೆ.