ಎಂಟರ ಭಾಗಾಕಾರ

ಕೂಡ್ಲಿಗಿಗೆ 08391, ಹಗರಿಬೊಮ್ಮನಹಳ್ಳಿಗೆ 08397, ಹರಪನಹಳ್ಳಿಗೆ 08398, ಹಡಗಲಿಗೆ 08399. ಕೊಟ್ಟೂರಿಗೆ ಸ್ವಂತ ಕೋಡ್ ಇಲ್ಲ, ಅದು ಕೂಡ್ಲಿಗಿಯ ಜೊತೆಗೇ. ನಾನು ಫೋನಿನ ಕೆಲಸ ಮಾಡಿ ಸಂಬಳ ಎಣಿಸಿದ್ದು ಈ ಐದೂರುಗಳ ಎಕ್ಸ್‌ಚೇಂಜುಗಳಲ್ಲೇ. ಈ ಸೀಮೆಯ ನಕಾಶೆಯನ್ನು ಸರ್ಕಾರಗಳು ತಿದ್ದುತ್ತಲೇ ಬಂದಿವೆ. 1953ರ ಅಕ್ಟೋಬರ್ 1ಕ್ಕೆ ಮದ್ರಾಸಿನಿಂದ ಮೈಸೂರಿಗೆ ಬಂದೆವು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, 2018ರಲ್ಲಿ ಬಳ್ಳಾರಿಗೆ ವಾಪಸು ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿ ಎಲ್ಲರನ್ನೂ ಅದರಲ್ಲಿ ಕೂರಿಸಿದರು. ಫೋನ್ ಕೋಡ್ ಮಾತ್ರ 0839ರ ಸಾಲು ಬಿಟ್ಟು ಕದಲಲಿಲ್ಲ.

ಕದಲಿದ್ದು ಅಳತೆ. ತಂತಿ ಎಳೆದವನದು ಒಂದು ಲೆಕ್ಕ, ದುಡ್ಡು ಕೊಟ್ಟವನದು ಇನ್ನೊಂದು. ನಡುವೆ ಕೂತು ಭಾಗಾಕಾರ ಮಾಡಿ ಹೇಳುವ ಕೆಲಸ ಯಾವಾಗಲೂ ನಮ್ಮಂಥವರ ಪಾಲಿಗೆ.

ತಂತಿ ಕಾಲದಲ್ಲಿ ಹಣ ಪದಕ್ಕೆ. ನಿಮಿಷಕ್ಕೆ 20 ಪದ ಕುಟ್ಟುವ ಕೈ ಇದ್ದರೆ, ಪದಕ್ಕೆ ಐದಕ್ಷರ ಒಂದು ಖಾಲಿ ಜಾಗ ಅಂತ ಹಿಡಿದು, ಸೆಕೆಂಡಿಗೆ ಎರಡಕ್ಷರ ಸಾಗುತ್ತಿತ್ತು. ಅಷ್ಟೇ ವೇಗ. ಆದ್ದರಿಂದ ಶುಭಾಶಯಗಳಿಗೆ ನಂಬರು ಕೊಟ್ಟಿದ್ದರು: ಮದುವೆಯ ಹಾರೈಕೆಗೆ 8. ಇಡೀ ವಾಕ್ಯದ ಬದಲು ಒಂದು ಅಂಕಿ ಹೋಗುತ್ತಿತ್ತು, ಆ ಕಡೆಯವರು ವಾಕ್ಯ ಬಿಡಿಸಿ ಬರೆದು ಮದುವೆಮನೆಗೆ ಮುಟ್ಟಿಸುತ್ತಿದ್ದರು. ಇಂದು ಕಂಪ್ಯೂಟರಿನವರು ಕಂಪ್ರೆಷನ್ ಅಂತ ಹೆಮ್ಮೆಪಡುವ ವಿದ್ಯೆಯ ಅಜ್ಜ ಇದೇ. ದೊಡ್ಡ ಊರುಗಳ ಟೆಲಿಪ್ರಿಂಟರ್ ವೇಗ 50 ಬಾಡ್, ಅಂದರೆ ಸೆಕೆಂಡಿಗೆ 50 ಮಿಡಿತ. ಅಕ್ಷರಕ್ಕೆ ಐದು ಮಿಡಿತ, ಶುರುವಿಗೆ ಒಂದು, ಮುಗಿತಾಯಕ್ಕೆ ಒಂದೂವರೆ. 50ನ್ನು ಏಳೂವರೆಯಿಂದ ಭಾಗಿಸಿದರೆ ನಿಮಿಷಕ್ಕೆ 400 ಅಕ್ಷರ. ಎಂಟರಿಂದ ಭಾಗಿಸುವುದು ಸೃಷ್ಟಿಯ ನಿಯಮ ಅಂದುಕೊಂಡ ಹುಡುಗರಿಗೆ ಇದನ್ನು ಬೇಕಂತಲೇ ಹೇಳುತ್ತಿದ್ದೆ.

ನಮ್ಮ ಕೆಲಸಕ್ಕೆ ಎಂಟು ಬಂದದ್ದು ಪಿಸಿಎಂ ಜೊತೆ. ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್ಟಿನಲ್ಲಿ ಬರೆದರೆ 64 ಕಿಲೋಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್, ಅಂದರೆ ಒಬ್ಬರ ಮಾತು ಸೆಕೆಂಡಿಗೆ 8 ಕಿಲೋಬೈಟ್. ಅಂಥ 32 ಕಂಡಿಗಳನ್ನು ಪೋಣಿಸಿದರೆ 2.048 ಮೆಗಾಬಿಟ್. ಒಂದು ಕಂಡಿ ತಾಳ ಹಿಡಿಯಲು, ಇನ್ನೊಂದು ಡಯಲ್-ಗಂಟೆಯ ಸೂಚನೆಗೆ, ಉಳಿದ 30 ಮಾತಿಗೆ. ಇದು ಯುರೋಪಿನ ಪದ್ಧತಿ. ಅಮೆರಿಕದವರದು 24 ಕಂಡಿ, 1.544 ಮೆಗಾಬಿಟ್. ಸಿ-ಡಾಟ್‌ನ 128 ಪೋರ್ಟಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದೂ ನಮ್ಮ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಇಲ್ಲದೆ ನಡೆಯಲೆಂದೇ ಮಾಡಿದ ಯಂತ್ರ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಕಂಡವರಿಗೆ ಆ ಗುಣದ ಬೆಲೆ ಗೊತ್ತು.

ಆ 2.048ಕ್ಕೆ ನಾವು ಕರೆಯುತ್ತಿದ್ದದ್ದು ‘ಟೂ ಎಂಬಿ’. ‘ಹೊಸಪೇಟೆ ಟೂ ಎಂಬಿ ಬಿದ್ದೈತ್ರೀ’ ಅಂದರೆ ಎಲ್ಲರೂ ಎದ್ದು ಓಡಬೇಕು. ನಮ್ಮೊಳಗೆ ಬಿಟ್ಟೋ ಬೈಟೋ ಅಂತ ಕೇಳುವವರೇ ಇರಲಿಲ್ಲ. ನಿಜವಾಗಿ ಅದು ಸೆಕೆಂಡಿಗೆ 2,56,000 ಬೈಟ್. ಫೋನಿನವರ ಕಿಲೋ ಯಾವತ್ತೂ 1,000, ಕಂಪ್ಯೂಟರು 1,024 ಹಿಡಿಯುವುದುಂಟು. ಹಾಗೆ ಹಿಡಿದರೆ ಪರದೆಯ ಮೇಲೆ 250 ಕಾಣುತ್ತದೆ. 2048 ಅಂಕಿ ನೋಡಿ ಇದೂ ಕಂಪ್ಯೂಟರಿನ ಲೆಕ್ಕವೇ ಅನ್ನುವವರಿದ್ದಾರೆ. ಅಲ್ಲ, 32ನ್ನು 64,000ದಿಂದ ಗುಣಿಸಿದರೆ ಬರುವುದು ಅದು.

ತಕರಾರು ಹುಟ್ಟಿದ್ದು ಬ್ರಾಡ್‌ಬ್ಯಾಂಡ್ ಬಂದಮೇಲೆ. 2004ರ ನೀತಿಯ ಪ್ರಕಾರ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್. ಕೊಟ್ಟೂರಿನ ಕಾಳಿನ ವ್ಯಾಪಾರಿಯೊಬ್ಬರು ಕೌಂಟರಿಗೆ ಬಂದು, ‘256 ಅಂತ ರೊಕ್ಕ ತಗೊಂಡು 28 ಕೊಡ್ತೀರಲ್ರೀ’ ಅಂದರು. ಎಂಟರಿಂದ ಭಾಗಿಸಿದರೆ 32. ಎಡಿಎಸ್ಎಲ್ ತಂತಿಯಲ್ಲಿ 53 ಬೈಟಿನ ಪ್ರತಿ ಪೊಟ್ಟಣದಲ್ಲಿ 5 ಬೈಟು ವಿಳಾಸಕ್ಕೇ ಹೋಗುತ್ತವೆ, ಅದನ್ನು ಕಳೆದರೆ 29. ಇನ್ನಷ್ಟು ಸಣ್ಣ ತಲೆಚೀಟಿಗಳ ಖರ್ಚು ಸೇರಿ 28. ಲೆಕ್ಕ ಸರಿಯಾಗೇ ಇತ್ತು. ಹಡಗಲಿಯಲ್ಲಿ ಮಲ್ಲಿಗೆ ಬೆಳೆದವನು ಕೆಜಿಯಲ್ಲಿ ಮಾರುತ್ತಾನೆ, ಹೂವಾಡಗಿತ್ತಿ ಮೊಳದಲ್ಲಿ ಮಾರುತ್ತಾಳೆ, ಹಾಗೇ ಇದು ಅಂದೆ. ಅವರು ನಕ್ಕರು: ‘ಹೂವಾಡಗಿತ್ತಿ ಕೆಜಿ ಅಂತ ಬೋರ್ಡು ಹಾಕಿ ಮೊಳ ಕೊಡೋದಿಲ್ಲ.’ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಜಗತ್ತಿನ ಎಲ್ಲ ಕಂಪನಿಗಳೂ ಜಾಹೀರಾತಿನಲ್ಲಿ ಬಿಟ್ಟನ್ನೇ ಹೇಳುತ್ತವೆ. ಹಳೆಯ ರೂಢಿ ಅನ್ನುವುದು ನಿಜ. ಅಂಕಿ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದೂ ನಿಜ.

ಹರೆಯದ ಹುಡುಗರು ನಮಗಿಂತ ಬೇಗ ಕಲಿತರು. ರಾತ್ರಿ 2ರಿಂದ ಬೆಳಗಿನ 8ರವರೆಗೆ ಎಷ್ಟು ಇಳಿಸಿದರೂ ಬಿಲ್ಲಿಲ್ಲದ ಪ್ಲಾನ್ ಒಂದಿತ್ತು. ಸೆಕೆಂಡಿಗೆ 32 ಕಿಲೋಬೈಟ್, ಆರು ತಾಸಿಗೆ 21,600 ಸೆಕೆಂಡ್, ಒಟ್ಟು 691 ಮೆಗಾಬೈಟ್. ಅದೂ ಒಂದು ಹನಿ ಸೋರದಿದ್ದರೆ. ಒಂದು ಸಿಡಿಗೆ 700. ಸಿನಿಮಾದ ಕೊನೆಯ ಫೈಟು ಮರುದಿನ ರಾತ್ರಿಗೆ ಉಳಿಯುತ್ತಿತ್ತು.

ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುವ ಕನಿಷ್ಠ ಮಿತಿ 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. 30 ಜನ ಒಟ್ಟಿಗೆ ಮಾತಾಡುತ್ತಿದ್ದ ನಮ್ಮ ಹಳೆಯ ‘ಟೂ ಎಂಬಿ’ ಈಗ ಒಂದು ಮನೆಗೆ ಕನಿಷ್ಠ.

ಬೈಟಿನ ಲೆಕ್ಕದಲ್ಲಿ ಕನ್ನಡಕ್ಕೆ ಬೇರೆಯೇ ದರ. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಯುತ್ತವೆ. ಕನ್ನಡದಲ್ಲಿ ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆಬೇರೆ ಎಣಿಕೆ, ಒಂದೊಂದಕ್ಕೆ 16 ಬಿಟ್, ಹೀಗಾಗಿ 70 ಮಾತ್ರ. ಹಗರಿಬೊಮ್ಮನಹಳ್ಳಿ ಅಂತ ಬರೆದರೇ 15 ಮುಗಿದವು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಮಾತ್ರ ಒಂದೇ ಸಾಲಿನದು, 70ರಲ್ಲಿ ಆರಾಮಾಗಿ ಕೂರುತ್ತದೆ. ಅದು ಮಳೆಯ ಮಾತೋ ಸರ್ಕಾರದ ಮಾತೋ ಅನ್ನುವ ವ್ಯಾಖ್ಯಾನವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೂ ಎರಡು ಮೆಸೇಜಿನ ದುಡ್ಡು ಬೀಳುತ್ತಿತ್ತು.